ವರ್ಷಾಂತ್ಯದ ಸೂಚನೆ: ಟೈಲ್ಸ್, ಗಾಜು ಮತ್ತು ಬಣ್ಣದ ವ್ಯಾಪಾರಿ ಸದಸ್ಯರಿಗೆ

ಆತ್ಮೀಯ ಸದಸ್ಯರೇ,

ಈ ವರ್ಷ ಮಡಿಕೇರಿಯಿಂದ ವಿರಾಜಪೇಟೆಯವರೆಗೆ ನಮ್ಮ ಅಂಗಡಿಗಳಿಗೆ ಬಂದ ದೂರುಗಳನ್ನು ಗಮನಿಸಿದರೆ, ಸರಕಿಗಿಂತ ಆಯ್ಕೆಯೇ ಹೆಚ್ಚು ತಪ್ಪಿದೆ ಎಂಬುದು ನನ್ನ ಅಭಿಪ್ರಾಯ. ಶೇ. 10ಕ್ಕಿಂತ ಹೆಚ್ಚು ನೀರು ಹೀರುವ ಗೋಡೆಯ ಟೈಲ್ಸನ್ನು, ತಿಂಗಳುಗಟ್ಟಲೆ ಮಳೆ ಹೊಡೆಯುವ ನಮ್ಮ ಅಂಗಳ, ಜಗಲಿಗಳಿಗೆ ದಯವಿಟ್ಟು ಕೊಡಬೇಡಿ. ಅಲ್ಲಿಗೆ ಹೀರುವಿಕೆ ಶೇ. 0.5ನ್ನು ಮೀರದ, ಮೇಲ್ಮೈ ಒರಟಾಗಿರುವ ವಿಟ್ರಿಫೈಡ್ (ಹೆಚ್ಚಿನ ಶಾಖದಲ್ಲಿ ಸುಟ್ಟು ಗಾಜಿನಂತೆ ಗಟ್ಟಿಯಾದ) ಟೈಲ್ಸೇ ತಕ್ಕದ್ದು. ಹಂಚಿನ ಮಾಡಿಗೆ ಬಳಿಯುವ ಕೆಂಪು ಬಣ್ಣದಲ್ಲಿ ಐರನ್ ಆಕ್ಸೈಡ್ ವರ್ಣದ್ರವ್ಯವಿದೆಯೇ ಎಂದು ವಿಚಾರಿಸಿಯೇ ತರಿಸಿ, ಏಕೆಂದರೆ ಅದು ಬಿಸಿಲಿಗೆ ಸುಲಭವಾಗಿ ಮಾಸುವುದಿಲ್ಲ. ಆದರೆ ಹಸಿ ಹಂಚಿನ ಮೇಲೆ ಬಳಿದರೆ ಎಂಥ ಒಳ್ಳೆಯ ಬಣ್ಣವೂ ಸಿಪ್ಪೆ ಏಳುತ್ತದೆ ಎಂಬುದನ್ನು ಗ್ರಾಹಕರಿಗೆ ತಿಳಿಸಿ. ಟಫನ್ಡ್ ಗಾಜನ್ನು, ಅಂದರೆ ಕಾಯಿಸಿ ಥಟ್ಟನೆ ತಣಿಸಿ ಗಟ್ಟಿಮಾಡುವ ಗಾಜನ್ನು, ಹಾಗೆ ಹದಗೊಳಿಸಿದ ಮೇಲೆ ಕತ್ತರಿಸಲಾಗದು, ಅಳತೆಯನ್ನು ಮೊದಲೇ ಖಚಿತಪಡಿಸಿಕೊಳ್ಳಿ. ಗುಜರಾತಿನ ಟೈಲ್ಸ್ ತಯಾರಿಕಾ ಕೇಂದ್ರವಾದ ಮೋರ್ಬಿಯ ಆರ್ಡರ್‌ಗಳನ್ನು ಮುಂಗಾರಿಗೆ ಮುನ್ನವೇ ತರಿಸಿಕೊಳ್ಳುವುದು ಕ್ಷೇಮ.