ಪುದೀನಕ್ಕೆ ಸದ್ಯ ನೀರು ಹಾಕಬೇಡ ಅಮ್ಮ

ಪ್ರೀತಿಯ ಅಮ್ಮನಿಗೆ ನಮಸ್ಕಾರಗಳು.

ನಾನಿಲ್ಲಿ ಚೆನ್ನಾಗಿದ್ದೇನೆ. ಮೊನ್ನೆ ಫೋನಿನಲ್ಲಿ ಕುಂಡದ ಪುದೀನ ಹಳದಿಯಾಗಿ ಜೋತು ಬಿದ್ದಿದೆ, ಅದಕ್ಕೇ ಎರಡು ಹೊತ್ತೂ ನೀರು ಹಾಕ್ತಿದ್ದೀನಿ ಅಂದೆಯಲ್ಲ, ಅಷ್ಟರಲ್ಲಿ ಲೈನ್ ಕಟ್ಟಾಯಿತು. ಅವತ್ತಿಂದ ಅದೇ ಯೋಚನೆ. ಈ ಪತ್ರ ಸೇರಿದ ಕೂಡಲೇ ನೀರು ನಿಲ್ಲಿಸಿಬಿಡು.

ಹೋದ ಚಳಿಗಾಲದಲ್ಲಿ ನನ್ನ ಅಡುಗೆಮನೆ ಕಿಟಕಿಯ ಬೇಸಿಲ್‌ಗೂ ಹೀಗೇ ಆಗಿತ್ತು. ಅದು ನಮ್ಮ ಕಾಮಕಸ್ತೂರಿಯ ಜಾತಿಯ ಗಿಡ. ಇಲ್ಲಿ ಚಳಿಗಾಲದಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು. ಬೆಳಕು ಕಡಿಮೆಯಾದರೆ ಗಿಡ ಕುಡಿಯುವುದೂ ಕಡಿಮೆ. ನಾನು ಮಾತ್ರ ದಿನಾ ಬೆಳಿಗ್ಗೆ ಒಂದು ಲೋಟ ಹಾಕುತ್ತಲೇ ಇದ್ದೆ. ಎಲೆ ಬಾಡಿತು. ಬಾಯಾರಿಕೆ ಅಂದುಕೊಂಡು ಇನ್ನೂ ಒಂದು ಲೋಟ ಹಾಕಿದೆ. ಕೊನೆಗೆ ಕುಂಡ ಬೋರಲು ಹಾಕಿ ಮಣ್ಣಿನ ಗಡ್ಡೆ ಹೊರತೆಗೆದರೆ ಕೊಳೆತ ವಾಸನೆ. ಬೆಳ್ಳಗೆ ಗಟ್ಟಿಯಾಗಿರಬೇಕಾದ ಬೇರು ಕಂದು ಬಣ್ಣಕ್ಕೆ ತಿರುಗಿತ್ತು. ಎರಡು ಬೆರಳಲ್ಲಿ ಹಿಡಿದು ಎಳೆದರೆ ಸಿಪ್ಪೆ ಜಾರಿ ಬಂತು, ಒಳಗೆ ನೂಲಿನಂಥ ಎಳೆ ಮಾತ್ರ ಉಳಿಯಿತು. ತುಂಬಾ ಬೇಜಾರಾಯಿತು ಅಮ್ಮ.

ಬೇರಿಗೂ ಗಾಳಿ ಬೇಕು. ಮಣ್ಣಿನ ಸಂದಿಯಲ್ಲೆಲ್ಲಾ ನೀರೇ ನಿಂತರೆ ಬೇರು ಉಸಿರುಕಟ್ಟಿ ಕೊಳೆಯುತ್ತದೆ. ಕೊಳೆತ ಬೇರು ನೀರು ಎಳೆಯಲಾರದು. ಅದಕ್ಕೇ ಒದ್ದೆ ಮಣ್ಣಿನಲ್ಲಿ ನಿಂತರೂ ಗಿಡ ಬಾಡುತ್ತದೆ. ಮೇಲಿಂದ ನೋಡಿದರೆ ನೀರಿಲ್ಲದೆ ಬಾಡಿದ್ದೂ ನೀರು ಹೆಚ್ಚಾಗಿ ಬಾಡಿದ್ದೂ ಒಂದೇ ಥರ ಕಾಣುತ್ತದೆ, ಅಲ್ವಾ?

ಈಗ ನಾನು ಬೆರಳನ್ನು ಎರಡು ಗೆಣ್ಣು ಮಣ್ಣಿಗೆ ಇಳಿಸಿ ನೋಡುತ್ತೇನೆ. ಮೇಲೆ ಒಣಗಿದ್ದರೂ ಒಳಗೆ ತಣ್ಣಗೆ ತೇವ ಇರುತ್ತದೆ. ಆಮೇಲೆ ಕುಂಡವನ್ನು ಸುಮ್ನೆ ಎತ್ತಿ ನೋಡುತ್ತೇನೆ. ನೀರು ಹಾಕಿದ ಕೂಡಲೇ ಒಮ್ಮೆ, ಒಣಗಿದಾಗ ಒಮ್ಮೆ ಎತ್ತಿದರೆ ಕೈಗೇ ಭಾರದ ಲೆಕ್ಕ ಸಿಗುತ್ತದೆ. ನನಗೆ ಬೆರಳಿಗಿಂತ ಇದರ ಮೇಲೇ ನಂಬಿಕೆ ಜಾಸ್ತಿ. ಹಾಕುವಾಗ ಮಾತ್ರ ಚೂರುಚೂರು ಬೇಡ, ತಳದ ತೂತಿನಿಂದ ಹರಿಯುವಷ್ಟು ಹಾಕು. ಅರ್ಧ ಗಂಟೆ ಬಿಟ್ಟು ತಟ್ಟೆಯ ನೀರು ಚೆಲ್ಲಿಬಿಡು.

ಪುದೀನಕ್ಕೆ ತೇವ ಇಷ್ಟ, ನಿಜ. ಆದರೆ ಕೆಸರು ಅದಕ್ಕೂ ಆಗದು. ನನ್ನ ಹತ್ತಿರ ರೋಸ್‌ಮೇರಿ ಅನ್ನೋ ಸುವಾಸನೆಯ ಗಿಡ ಇದೆ, ಅದಂತೂ ಮಣ್ಣು ಚೆನ್ನಾಗಿ ಒಣಗುವವರೆಗೆ ನೀರು ಕೇಳುವುದೇ ಇಲ್ಲ. ಕೊತ್ತಂಬರಿಯನ್ನು ಬೇರೆ ಕುಂಡಕ್ಕೆ ಕಿತ್ತು ನೆಡಬೇಡ, ಅದರ ತಾಯಿಬೇರಿಗೆ ಪೆಟ್ಟು ತಡೆಯದು. ಎಲ್ಲಿ ಬೇಕೋ ಅಲ್ಲೇ ಬೀಜ ಹಾಕು.

ನಾಳೆ ಬೆಳಿಗ್ಗೆ ಮೊದಲು ಪುದೀನ ಕುಂಡದ ತಳದ ತೂತು ಮುಚ್ಚಿಕೊಂಡಿದೆಯಾ ನೋಡು. ಮುಚ್ಚಿದ್ದರೆ ಕಡ್ಡಿಯಿಂದ ಬಿಡಿಸು. ಹಳದಿ ಎಲೆ ತೆಗೆದುಬಿಡು. ಗಟ್ಟಿಯಾಗಿ ಹಸಿರಾಗಿರುವ ಎರಡು ಕಡ್ಡಿಯನ್ನು ಗೆಣ್ಣಿನ ಕೆಳಗೆ ಕತ್ತರಿಸಿ, ಕೆಳಗಿನ ಎಲೆ ಬಿಡಿಸಿ ಲೋಟದ ನೀರಿನಲ್ಲಿ ಇಡು. ಒಂದೆರಡು ವಾರದಲ್ಲಿ ಬೇರು ಬರುತ್ತದೆ. ಹಳೇ ಗಿಡ ಹೋದರೂ ಇವು ನಿನ್ನ ಕೈಯಲ್ಲಿರುತ್ತವೆ.

ಕುಂಡ ಎತ್ತಿದಾಗ ಭಾರ ಇತ್ತಾ ಹಗುರ ಇತ್ತಾ, ಭಾನುವಾರ ಫೋನ್ ಮಾಡ್ತೀನಿ, ಹೇಳು. ಅಪ್ಪನಿಗೆ ನಮಸ್ಕಾರ ತಿಳಿಸು.

ನಿನ್ನ ಮಗಳು