ಗೆಳೆಯನಿಗೊಂದು ಪತ್ರ: ಬೌಮನ್ ಮತ್ತು ಮ್ಯಾನೇಜರ್ ಕುರ್ಚಿ

ಪ್ರಿಯ ರವಿ,

ಕೋಚಿಂಗ್ ಬಿಟ್ಟು ಮ್ಯಾನೇಜರ್ ಆಗು ಅಂತ ಕ್ಲಬ್ಬಿನವರು ಕರೆದಿದ್ದಾರೆ ಅಂದೆಯಲ್ಲ, ಆಗಿನಿಂದ ನನ್ನ ತಲೆಯಲ್ಲಿ ಕೆನಡಾದ ಕೋಚ್ ಸ್ಕಾಟಿ ಬೌಮನ್ ಕೂತಿದ್ದಾರೆ. ನಿನ್ನದು ಟರ್ಫ್ ಹಾಕಿ, ಅವರದು ಐಸ್ ಹಾಕಿ. ಇರಲಿ, ಕೇಳು.

ಹುಟ್ಟಿದ್ದು 1933ರಲ್ಲಿ, ಮಾಂಟ್ರಿಯಲ್‌ನ ವರ್ಡನ್‌ನಲ್ಲಿ. ಜೂನಿಯರ್ ಆಡುವಾಗಲೇ ತಲೆಗೆ ಪೆಟ್ಟು ಬಿದ್ದು ಆಟ ನಿಂತಿತು. ಕೋಚ್ ಆದರು. ಅವರ ಸೇಂಟ್ ಲೂಯಿಸ್ ಬ್ಲೂಸ್ ಎಂಬ ಹೊಸ ತಂಡ ಮೊದಲ 3 ವರ್ಷವೂ ಸ್ಟಾನ್ಲಿ ಕಪ್ (ಉತ್ತರ ಅಮೆರಿಕದ ಐಸ್ ಹಾಕಿ ಲೀಗಿನ ದೊಡ್ಡ ಟ್ರೋಫಿ) ಫೈನಲ್ ಆಡಿತು, ಮೂರೂ ಸೋತಿತು. ಆಮೇಲೆ ಮಾಂಟ್ರಿಯಲ್ ಕೆನೇಡಿಯನ್ಸ್‌ಗೆ 8 ವರ್ಷಗಳಲ್ಲಿ 5 ಕಪ್. 1976-77ರಲ್ಲಿ 80 ಪಂದ್ಯಗಳಲ್ಲಿ ಸೋತಿದ್ದು ಬರೀ 8!

ಐಸ್ ಮೇಲೆ ಒಬ್ಬ ಆಟಗಾರ ಒಂದು ಸಲಕ್ಕೆ ಒಂದು ನಿಮಿಷ ನಿಂತರೆ ಜಾಸ್ತಿ. ಆಟ ನಿಂತಾಗ ಕೊನೆಗೆ ಆಟಗಾರರನ್ನು ಬದಲಿಸುವ ಅವಕಾಶ ತವರು ತಂಡದ್ದು. ಎದುರಾಳಿ ಯಾರನ್ನು ಇಳಿಸಿದ ಅಂತ ನೋಡಿ, ಅವನಿಗೆ ತಕ್ಕವನನ್ನು ಇಳಿಸಬೇಕು. ಈ ಲೆಕ್ಕದಲ್ಲಿ ಬೌಮನ್ ಪಳಗಿದ ಕೈ. ನಿನ್ನ ರೋಲಿಂಗ್ ಸಬ್ (ಆಟದ ನಡುವೆ ಎಷ್ಟು ಸಲ ಬೇಕಾದರೂ ಆಟಗಾರರ ಬದಲಾವಣೆ) ಲೆಕ್ಕಾಚಾರವೂ ಹೀಗೇ ಅಲ್ವಾ?

ಆದರೆ ಅವರಿಗೆ ಜನರಲ್ ಮ್ಯಾನೇಜರ್ ಕುರ್ಚಿಯೂ ಬೇಕಿತ್ತು. ಮಾಂಟ್ರಿಯಲ್ ಕೊಡಲಿಲ್ಲ. 1979ರಲ್ಲಿ ಬಫಲೋ ಸೇಬರ್ಸ್‌ಗೆ ಹೋದರು. ಆಟಗಾರರನ್ನು ಆರಿಸುವುದೂ ಅವರೇ, ಎಷ್ಟೋ ಸಲ ಕೋಚೂ ಅವರೇ. ಎರಡು ದೋಣಿ ಮೇಲೆ ಕಾಲು. ಕಣ್ಣೇನೋ ಚುರುಕು: 1983ರಲ್ಲಿ ಹೈಸ್ಕೂಲಿನಿಂದ ನೇರ ಆರಿಸಿದ ಟಾಮ್ ಬರಾಸೊ ಮೊದಲ ಸೀಸನ್ನಿನಲ್ಲೇ ಲೀಗಿನ ಅತ್ಯುತ್ತಮ ಗೋಲಿ (ಗೋಲ್‌ಕೀಪರ್) ಎನಿಸಿಕೊಂಡ. ಕಪ್ ಮಾತ್ರ ಬರಲಿಲ್ಲ. 1986ರ ಕೊನೆಗೆ ಕೆಲಸವೂ ಹೋಯಿತು.

ಮಜಾ ಮುಂದಿದೆ. 1990ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಆಟಗಾರರ ಬೆಳವಣಿಗೆ ನೋಡಿಕೊಳ್ಳುವ ಕೆಲಸ ಹಿಡಿದರು. ಮರುವರ್ಷ ಕಪ್ ಗೆಲ್ಲಿಸಿದ ಕೋಚ್ ಬಾಬ್ ಜಾನ್ಸನ್‌ಗೆ ಮಿದುಳಿನ ಕ್ಯಾನ್ಸರ್ ಅಂತ ಗೊತ್ತಾಯಿತು. ಬೌಮನ್ ಮತ್ತೆ ಕೋಚ್ ಆಗಿ ಬೆಂಚಿನ ಹಿಂದೆ ನಿಂತರು, 1992ರಲ್ಲಿ ಮತ್ತೆ ಕಪ್. ಗೋಲಿ ಯಾರು ಗೊತ್ತಾ? ಅದೇ ಬರಾಸೊ. ಬಫಲೋದಲ್ಲಿ ಆರಿಸಿದವನು ಇಲ್ಲಿ ಫಲ ಕೊಟ್ಟ.

ಆಮೇಲೆ ಡೆಟ್ರಾಯಿಟ್. 5 ಜನ ರಷ್ಯನ್ನರನ್ನು ಒಟ್ಟಿಗೆ ಇಳಿಸಿದರು. 1997ರಲ್ಲಿ ಆ ಊರಿನ 42 ವರ್ಷಗಳ ಕಪ್ ಬರ ನೀಗಿತು. 63 ವರ್ಷದ ಬೌಮನ್ ತಾವೇ ಸ್ಕೇಟ್ ಕಟ್ಟಿಕೊಂಡು ಕಪ್ ಹಿಡಿದು ಸುತ್ತು ಹಾಕಿದರು. 1998, 2002ರಲ್ಲೂ ಗೆದ್ದು ಕೋಚಿಂಗ್ ಬಿಟ್ಟರು. ಕೋಚ್ ಆಗಿ ಒಟ್ಟು 9 ಕಪ್, ಬೇರೆ ಯಾರಿಗೂ ಅಷ್ಟಿಲ್ಲ. ಮುಂದೆ ಷಿಕಾಗೋ ತಂಡಕ್ಕೆ ಸಲಹೆಗಾರರಾದರು, ಮರುವರ್ಷ ಮಗ ಸ್ಟಾನ್ ಅಲ್ಲೇ ಮ್ಯಾನೇಜರ್ ಆದ. ಮಗನಿಗೆ ಕಪ್ಪಿನ ಹೆಸರೇ ಇಟ್ಟಿದ್ದು ನೋಡು!

ಕುರ್ಚಿ ಬೇಡ ಅಂತ ನಾನು ಹೇಳುತ್ತಿಲ್ಲ. ಹೊಸ ಕೋಚನ್ನು ಆರಿಸುವುದು ನೀನೋ ಕಮಿಟಿಯೋ, ಅದನ್ನು ಮೊದಲು ಕೇಳು. ಸಂಬಳದ ಮಾತು ಆಮೇಲೆ.

ಇಂತಿ ನಿನ್ನ,
ಸುರೇಶ