ಅವರು ಬಾಯಿಬಿಟ್ಟು ಕೇಳುವ ಮೊದಲು

ಪ್ರೀತಿಯ ಪುಟ್ಟನಿಗೆ,

ನಿನ್ನ ಸೋದರತ್ತೆಯ ಆಶೀರ್ವಾದಗಳು.

ಇಷ್ಟು ಚಿಕ್ಕ ವಯಸ್ಸಿಗೆ ನಿನ್ನನ್ನು ತಂಡದ ಮುಖ್ಯಸ್ಥನನ್ನಾಗಿ ಮಾಡಿದ್ದಾರೆಂದು ನಿನ್ನ ಅಪ್ಪ ಫೋನಿನಲ್ಲಿ ಹೇಳಿದಾಗ ಆದ ಸಂತೋಷ ಅಷ್ಟಿಷ್ಟಲ್ಲ. ನೀನು ಕಳುಹಿಸಿದ ಸಂದೇಶವನ್ನೂ ಓದಿದೆ. ತಂಡದಲ್ಲಿ ನಾಲ್ವರು ಹೆಣ್ಣುಮಕ್ಕಳಿದ್ದಾರೆ, ಒಬ್ಬರಿಗೆ ದೃಷ್ಟಿಯಿಲ್ಲ, ರಾಯಚೂರು ಕಡೆಯಿಂದ ಬಂದ ಹೊಸ ಹುಡುಗ ಸಭೆಯಲ್ಲಿ ತುಟಿ ಬಿಚ್ಚುವುದಿಲ್ಲ ಎಂದೆಲ್ಲ ಬರೆದು, ‘ನಾನು ಎಲ್ಲರನ್ನೂ ಒಂದೇ ರೀತಿ ಕಂಡರೆ ಸಾಕಲ್ಲವೇ ಅತ್ತೆ’ ಎಂದು ಕೇಳಿದ್ದೀಯ. ಸಾಲದು ಪುಟ್ಟ. ಬ್ಯಾಂಕಿನಲ್ಲಿ ನನ್ನ ಇಡೀ ಆಯುಷ್ಯ ಕಳೆದಿದೆ. ಅಲ್ಲಿ ಕಂಡುಕೊಂಡದ್ದನ್ನು ನಿನಗೆ ಹೇಳದೆ ಇನ್ನಾರಿಗೆ ಹೇಳಲಿ?

ಯಾವ ಕಚೇರಿಯೇ ಆಗಲಿ, ಅಲ್ಲಿ ಹೆಚ್ಚಿನ ಸಂಖ್ಯೆಯಲ್ಲಿರುವವರ ಅನುಕೂಲಗಳು ಮೊದಲೇ ಸಿದ್ಧವಾಗಿರುತ್ತವೆ. ಅವರು ಏನನ್ನೂ ಕೇಳಬೇಕಾಗಿಲ್ಲ. ಒಬ್ಬರೋ ಇಬ್ಬರೋ ಇರುವವರು ಮಾತ್ರ ಶೌಚಾಲಯದಿಂದ ಹಿಡಿದು ಬಡ್ತಿಯವರೆಗೆ ಪ್ರತಿಯೊಂದನ್ನೂ ಬಾಯಿಬಿಟ್ಟು ಕೇಳಿಯೇ ಪಡೆಯಬೇಕು. ಒಮ್ಮೆ ಕೇಳಿದರೆ ಕೊಡುತ್ತಾರೆ. ಎರಡನೆಯ ಸಲ ಮುಖ ಸಿಂಡರಿಸುತ್ತಾರೆ. ಮೂರನೆಯ ಸಲಕ್ಕೆ ‘ಇವರದ್ದು ಯಾವಾಗಲೂ ಒಂದಲ್ಲ ಒಂದು ತಕರಾರು’ ಎಂಬ ಹೆಸರು ಅಂಟುತ್ತದೆ. ಆಮೇಲೆ ಅವರು ಕೇಳುವುದನ್ನೇ ಬಿಡುತ್ತಾರೆ, ಎಲ್ಲ ಸರಿಯಾಗಿದೆ ಎಂದು ಮೇಲಿನವರು ತಿಳಿಯುತ್ತಾರೆ. ಕೇಳುವ ಆ ಹೊರೆಯನ್ನು ಅವರ ಹೆಗಲಿನಿಂದ ಇಳಿಸುವುದು ಮುಖ್ಯಸ್ಥನ ಕೆಲಸ. ಅವರ ಜೊತೆಗಿದ್ದೇನೆ ಎಂದು ಭಾಷಣ ಮಾಡುವುದಕ್ಕಿಂತ ಅದು ಕಷ್ಟದ್ದು.

ನಮ್ಮ ಶಾಖೆಗೆ ದೃಷ್ಟಿಯಿಲ್ಲದ ಅಧಿಕಾರಿಯೊಬ್ಬರು ವರ್ಗವಾಗಿ ಬಂದಿದ್ದರು. ಪರದೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ತಂತ್ರಾಂಶ ಅವರ ಕಂಪ್ಯೂಟರಿನಲ್ಲಿತ್ತು. ಇಯರ್‌ಫೋನನ್ನು ಕಿವಿಗೆ ಸಿಕ್ಕಿಸಿಕೊಂಡು ನಮಗಿಂತ ಬೇಗ ಕೆಲಸ ಮುಗಿಸುತ್ತಿದ್ದರು. ಆದರೆ ಪ್ರಾದೇಶಿಕ ಕಚೇರಿಯ ಸುತ್ತೋಲೆಗಳು ಬರುತ್ತಿದ್ದದ್ದು ಮುದ್ರೆ, ಸಹಿ ಹಾಕಿದ ಕಾಗದವನ್ನು ಸ್ಕ್ಯಾನ್ ಮಾಡಿದ ರೂಪದಲ್ಲಿ. ಆ ತಂತ್ರಾಂಶಕ್ಕೆ ಅದು ಬರೀ ಚಿತ್ರ, ಅದರಲ್ಲಿ ಓದಲು ಒಂದಕ್ಷರವೂ ಸಿಗುತ್ತಿರಲಿಲ್ಲ. ಹಾಗಾಗಿ ಬಡ್ಡಿ ದರ ಬದಲಾದ ಪ್ರತಿ ಸಲವೂ ಅವರು ಯಾರನ್ನಾದರೂ ಕರೆದು ‘ಸ್ವಲ್ಪ ಓದಿ ಹೇಳುತ್ತೀರಾ’ ಎನ್ನಬೇಕಾಗಿತ್ತು. ಅವರ ಧ್ವನಿ ದಿನದಿಂದ ದಿನಕ್ಕೆ ತಗ್ಗುತ್ತಾ ಹೋದದ್ದನ್ನು ನಾನು ಪಕ್ಕದ ಮೇಜಿನಿಂದ ಕೇಳಿದ್ದೇನೆ. ಆಗ ಬಂದ ಹೊಸ ಮ್ಯಾನೇಜರ್ ಒಂದು ವಾರ ಸುಮ್ಮನೆ ನೋಡಿದರು. ಆಮೇಲೆ ಪ್ರಾದೇಶಿಕ ಕಚೇರಿಗೆ ಪತ್ರ ಬರೆದು, ಸಹಿ ಮಾಡಿದ ಪ್ರತಿಯ ಜೊತೆಗೆ ಟೈಪ್ ಮಾಡಿದ ಮೂಲ ಕಡತವನ್ನೂ ಎಲ್ಲ ಶಾಖೆಗಳಿಗೆ ಕಳುಹಿಸುವಂತೆ ಮಾಡಿದರು. ಒಂದು ಪೈಸೆ ಖರ್ಚಾಗಲಿಲ್ಲ. ಪತ್ರದಲ್ಲಿ ಆ ಅಧಿಕಾರಿಯ ಹೆಸರನ್ನೂ ಎತ್ತಿರಲಿಲ್ಲ. ಆ ಮ್ಯಾನೇಜರ್ ಬಗ್ಗೆ ನನಗಿರುವ ಗೌರವಕ್ಕೆ ಅದೊಂದೇ ಪತ್ರ ಸಾಕು.

2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ. ಅವುಗಳಲ್ಲಿ ಹಲವು ಹೊರನೋಟಕ್ಕೆ ಕಾಣುವುದೇ ಇಲ್ಲ. ಆದ್ದರಿಂದ ಹೊಸಬರು ಬಂದ ದಿನ ಅವರ ಮುಖ ನೋಡಿ ಅಂದಾಜು ಮಾಡಬೇಡ. ‘ಕೆಲಸ ಸಲೀಸಾಗಿ ಮಾಡಲು ನಿಮಗೆ ಏನು ಬೇಕು’ ಎಂದು ಒಬ್ಬರನ್ನೂ ಬಿಡದೆ ಎಲ್ಲರನ್ನೂ ಕೇಳು. ಎಲ್ಲರನ್ನೂ ಕೇಳಿದಾಗ ಹೇಳಿಕೊಳ್ಳುವವರಿಗೆ ಸಂಕೋಚವಿರುವುದಿಲ್ಲ.

ನೀನು ದಿನವೂ ಹಾದುಹೋಗುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1933ರಲ್ಲಿ ನಡೆದದ್ದು ನಿನಗೆ ಗೊತ್ತಿರಲಿ. ಬಾಂಬೆ ವಿಶ್ವವಿದ್ಯಾಲಯದ ಪದವಿಯಲ್ಲಿ ಮೊದಲಿಗಳಾಗಿ ಬಂದ ಕಮಲಾ ಭಾಗವತ್, ಮುಂದೆ ಕಮಲಾ ಸೊಹೊನಿ ಎಂದು ಹೆಸರಾದವರು, ಅಲ್ಲಿ ಸೇರಲು ಅರ್ಜಿ ಹಾಕಿದರು. ಅವರ ತಂದೆ ಮತ್ತು ಚಿಕ್ಕಪ್ಪ ಓದಿದ್ದೂ ಅಲ್ಲಿಯೇ. ಆದರೂ ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಹೆಣ್ಣೆಂಬ ಕಾರಣಕ್ಕೆ ಬೇಡವೆಂದರು. ಆಕೆ ಪಟ್ಟು ಬಿಡದೆ ವಾದಿಸಿದ ಮೇಲೆ ಷರತ್ತುಗಳೊಂದಿಗೆ ಒಪ್ಪಿದರು: ಒಂದು ವರ್ಷ ಪರೀಕ್ಷಾರ್ಥವಾಗಿ ಇರಬೇಕು, ಮಾರ್ಗದರ್ಶಕರು ಹೇಳಿದರೆ ರಾತ್ರಿಯೂ ದುಡಿಯಬೇಕು, ಪ್ರಯೋಗಾಲಯದ ವಾತಾವರಣ ಕೆಡಿಸಬಾರದು. ಈ ಮೂರನೆಯ ಷರತ್ತನ್ನು ಓದಿದಾಗ ಇಂದಿಗೂ ನನ್ನ ರಕ್ತ ಕುದಿಯುತ್ತದೆ. ಅವರ ಗುರು ಶ್ರೀನಿವಾಸಯ್ಯನವರು ಕನಿಕರ ತೋರಿಸಲಿಲ್ಲ, ಕಟ್ಟುನಿಟ್ಟಾಗಿ ಕಲಿಸಿದರು. ಹಾಲು ಮತ್ತು ದ್ವಿದಳ ಧಾನ್ಯಗಳ ಪ್ರೋಟೀನುಗಳ ಮೇಲೆ ಗಟ್ಟಿ ಸಂಶೋಧನೆ ಕೊಟ್ಟರು. ವರ್ಷ ಕಳೆದಾಗ ರಾಮನ್ ಅವರೇ ಮನಸ್ಸು ಬದಲಿಸಿದರು, ಬೇರೆ ಹೆಣ್ಣುಮಕ್ಕಳಿಗೂ ಬಾಗಿಲು ತೆರೆಯಿತು. 1939ರಲ್ಲಿ ಕಮಲಾ ಕೇಂಬ್ರಿಡ್ಜಿನಿಂದ ಪಿಎಚ್‌.ಡಿ. ಪಡೆದರು. ಶ್ರೀನಿವಾಸಯ್ಯನವರಿಂದ ನೀನು ಕಲಿಯಬೇಕಾದದ್ದಿದೆ: ನಿಜವಾದ ಬೆಂಬಲವೆಂದರೆ ಒಳ್ಳೆಯ ಕೆಲಸವನ್ನು ಅವರ ಕೈಗೆ ಕೊಡುವುದು.

ಇದರಲ್ಲಿ ಒಳ್ಳೆಯ ಮನಸ್ಸಿನವರೇ ಎಡವುತ್ತಾರೆ. ‘ಅವಳಿಗೆ ಚಿಕ್ಕ ಮಗು ಇದೆ, ಪ್ರವಾಸದ ಕೆಲಸ ಬೇಡ’ ಎಂದು ಅವಳ ಪರವಾಗಿ ತಾವೇ ತೀರ್ಮಾನಿಸಿ ಉಪಕಾರ ಮಾಡಿದೆವೆಂದು ತಿಳಿಯುತ್ತಾರೆ. ಆ ಪ್ರವಾಸದಿಂದಲೇ ಮುಂದಿನ ಬಡ್ತಿ ಬರುವುದಿತ್ತು. ಸೌಲಭ್ಯವನ್ನು ಅವರು ಕೇಳುವ ಮುಂಚೆಯೇ ಕೊಡು, ಅವಕಾಶವನ್ನು ಮಾತ್ರ ಅವರನ್ನು ಕೇಳದೆ ಕಿತ್ತುಕೊಳ್ಳಬೇಡ. ಹೆರಿಗೆ ಸೌಲಭ್ಯ ಕಾಯಿದೆಯ 2017ರ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರಗಳಾಗಿದೆ. 50 ಅಥವಾ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರವಿರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಮಗುವನ್ನು ನೋಡಿ ಬರಬಹುದು. ನಿಮ್ಮ ಕಟ್ಟಡದಲ್ಲಿ ಅದು ಎಲ್ಲಿದೆ ಎಂದು ನೀನೇ ಹೋಗಿ ನೋಡಿ ಬಾ. ಬೀಗ ಹಾಕಿದ್ದರೆ ಮಾತನಾಡಬೇಕಾದವನು ನೀನು, ಬಾಣಂತನ ಮುಗಿಸಿ ಬಂದವಳಲ್ಲ. ಇನ್ನೊಂದು ಮಾತು: ಬೀಳ್ಕೊಡುಗೆಯ ಉಡುಗೊರೆ ತರುವುದು, ಅತಿಥಿಗೆ ಹೂಗುಚ್ಛ ಕೊಡುವುದು, ಸಭೆಯ ಟಿಪ್ಪಣಿ ಬರೆಯುವುದು, ಇವೆಲ್ಲ ಯಾರೂ ಹೇಳದೆಯೇ ಹೆಣ್ಣುಮಕ್ಕಳ ಪಾಲಿಗೆ ಬರುತ್ತವೆ. ಸರದಿ ಹಾಕು. ಮೊದಲ ಸರದಿ ನಿನ್ನದಿರಲಿ.

ರಾಯಚೂರಿನ ಹುಡುಗನ ವಿಷಯ. ಅವನಿಗೆ ವಿಷಯ ತಿಳಿದಿಲ್ಲ ಎಂದುಕೊಳ್ಳಬೇಡ. ಕನ್ನಡ ಮಾಧ್ಯಮದಲ್ಲಿ ಓದಿದವನು ಇಂಗ್ಲಿಷಿನ ವಾಕ್ಯವನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳುವಷ್ಟರಲ್ಲಿ ಚರ್ಚೆ ಮುಂದಕ್ಕೆ ಹೋಗಿರುತ್ತದೆ. ಚರ್ಚೆಯ ವಿಷಯಗಳನ್ನು ಹಿಂದಿನ ದಿನವೇ ಎಲ್ಲರಿಗೂ ಕಳುಹಿಸು. ಎಲ್ಲರೆದುರು ಅವನ ಹೆಸರು ಕೂಗಿ ‘ನೀನು ಹೇಳಪ್ಪ’ ಎನ್ನಬೇಡ, ಅದು ಶಿಕ್ಷೆಯಾಗುತ್ತದೆ. ನಿನಗೂ ಅವನಿಗೂ ಕನ್ನಡ ಬರುತ್ತದೆ, ಬೆಂಗಳೂರಿನಲ್ಲಿ ಕುಳಿತಿದ್ದೀರಿ. ಅವನು ಕನ್ನಡದಲ್ಲಿ ಹೇಳಿದ್ದನ್ನು ನೀನು ಉಳಿದವರಿಗೆ ಇಂಗ್ಲಿಷಿನಲ್ಲಿ ಹೇಳಿದರೆ ಯಾರ ಗಂಟೂ ಹೋಗುವುದಿಲ್ಲ. ಹೇಳುವಾಗ ಅದು ಅವನ ಮಾತು ಎಂದೇ ಹೇಳು.

ಜಾತಿಯ ವಿಷಯವನ್ನು ನಿನ್ನ ಪೀಳಿಗೆ ‘ನಮ್ಮ ಕಚೇರಿಯಲ್ಲಿ ಅದೆಲ್ಲ ಇಲ್ಲ’ ಎಂದು ತಳ್ಳಿಹಾಕುತ್ತದೆ. ‘ನಿಮ್ಮ ಅಡ್ಡಹೆಸರೇನು’, ‘ನೀವು ಯಾವ ಕಡೆಯವರು’, ‘ಮನೆಯಲ್ಲಿ ಮಾಂಸ ತಿನ್ನುತ್ತೀರಾ’ ಎಂಬ ಪ್ರಶ್ನೆಗಳ ಹಿಂದೆ ಏನಿರುತ್ತದೆ ಎಂಬುದು ಕೇಳಿದವನಿಗೂ ಗೊತ್ತು, ಕೇಳಿಸಿಕೊಂಡವನಿಗೂ ಗೊತ್ತು. ನಮ್ಮಲ್ಲಿ ದಲಿತ ಅಧಿಕಾರಿಗೆ ಬಡ್ತಿ ಬಂದ ದಿನ ಬೆನ್ನ ಹಿಂದೆ ‘ಕೋಟಾ’ ಎಂಬ ಪಿಸುಮಾತು ಏಳುತ್ತಿತ್ತು. ಮೈಸೂರು ಸಂಸ್ಥಾನದ ನೌಕರಿಗಳು ಒಂದೇ ಸಮುದಾಯದ ಕೈಯಲ್ಲಿವೆ ಎಂಬ ದೂರಿನ ಮೇಲೆ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿಯೇ ನ್ಯಾಯಮೂರ್ತಿ ಮಿಲ್ಲರ್ ಸಮಿತಿ ನೇಮಿಸಿದ್ದರು. ಶತಮಾನ ಕಳೆದರೂ ಆ ಪಿಸುಮಾತು ನಿಂತಿಲ್ಲ. ನಿನ್ನ ಕಿವಿಗೆ ಬಿದ್ದರೆ ಅಲ್ಲಿಯೇ ತಡೆ. ‘ಹೀಗೆ ಮಾತನಾಡುವುದು ಸರಿಯಲ್ಲ’ ಎಂಬ ಒಂದು ವಾಕ್ಯ ನಿನ್ನ ಬಾಯಿಂದ ಬಂದರೆ, ಆ ಮನುಷ್ಯ ತನ್ನ ಮರ್ಯಾದೆಗಾಗಿ ತಾನೇ ವಾದಿಸುವ ಪ್ರಸಂಗ ಬರುವುದಿಲ್ಲ.

ಲೈಂಗಿಕ ಕಿರುಕುಳದ ದೂರನ್ನು ಯಾರಾದರೂ ತಂದರೆ ‘ಮಾತನಾಡಿ ಮುಗಿಸೋಣ’ ಎನ್ನುವ ಹಿರಿತನಕ್ಕೆ ಇಳಿಯಬೇಡ. 2013ರ ಕಾಯಿದೆಯಂತೆ ಹತ್ತು ಅಥವಾ ಹೆಚ್ಚು ಜನರಿರುವ ಕಡೆ ಇಂಥ ದೂರುಗಳನ್ನು ವಿಚಾರಿಸುವ ಆಂತರಿಕ ಸಮಿತಿ ಇರಲೇಬೇಕು, ಹಿರಿಯ ಮಹಿಳೆಯೇ ಅದರ ಅಧ್ಯಕ್ಷೆ, ಹೊರಗಿನ ಸದಸ್ಯರೊಬ್ಬರು ಇರಬೇಕು. ರಾಜಿಯ ಮಾತು ಬರುವುದು ದೂರು ಕೊಟ್ಟವಳು ಬಯಸಿದರೆ ಮಾತ್ರ. ‘ಇಷ್ಟು ದಿನ ಏಕೆ ಹೇಳಲಿಲ್ಲ’ ಎಂಬ ಪ್ರಶ್ನೆ ನಿನ್ನ ಬಾಯಿಂದ ಬರಕೂಡದು. ಸಮಿತಿಯವರ ಹೆಸರು, ದೂರು ಕೊಡಲು ಇರುವ ಮೂರು ತಿಂಗಳ ಗಡುವು ಇವನ್ನು ಮೊದಲ ದಿನವೇ ಎಲ್ಲರಿಗೂ ತಿಳಿಸಿಬಿಡು.

ಒಬ್ಬರೇ ಹೋರಾಡಿದರೆ ಎಷ್ಟು ಕಾಲ ಹಿಡಿಯುತ್ತದೆ ಎಂಬುದಕ್ಕೆ ನಮ್ಮ ಕೊಡಗಿನ ಸಿ.ಬಿ. ಮುತ್ತಮ್ಮನವರನ್ನು ನೆನೆಯುತ್ತೇನೆ. ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ ಅವರು. ಆ ಸೇವೆಯಲ್ಲಿ ಹೆಣ್ಣು ಮದುವೆಯಾಗಲು ಸರ್ಕಾರದ ಅನುಮತಿ ಬೇಕೆಂಬ ನಿಯಮವಿತ್ತು. ಗಂಡಸರಿಗೆ ಅದು ಇರಲಿಲ್ಲ. ಬಡ್ತಿ ತಪ್ಪಿದಾಗ ಅವರು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ಪ್ರಕರಣ ನಡೆಯುತ್ತಿರುವಾಗಲೇ ಸರ್ಕಾರ ಬಡ್ತಿ ಕೊಟ್ಟಿತು. 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ನಿಯಮಗಳನ್ನು ಕಟುವಾಗಿ ಟೀಕಿಸಿ ಪರಿಷ್ಕರಿಸಲು ಹೇಳಿದರು. ಅಷ್ಟು ಹೊತ್ತಿಗೆ ಅವರು ಸೇವೆಗೆ ಸೇರಿ ಮೂವತ್ತು ವರ್ಷಗಳಾಗಿದ್ದವು.

ಇಷ್ಟೆಲ್ಲ ಹೇಳಿದ ಮೇಲೆ ಎಲ್ಲಕ್ಕಿಂತ ಮುಖ್ಯವಾದದ್ದು ಒಂದು ಉಳಿದಿದೆ. ಸದ್ಯದಲ್ಲೇ ನೀನು ವಾರ್ಷಿಕ ಮೌಲ್ಯಮಾಪನದ ಸಭೆಗೆ ಹೋಗುತ್ತೀಯ. ಅಲ್ಲಿ ನಿನ್ನ ತಂಡದವರು ಯಾರೂ ಇರುವುದಿಲ್ಲ, ಕೇಳೋಣವೆಂದರೂ ಅವರಿಗೆ ದಾರಿಯಿಲ್ಲ. ಅಲ್ಲಿ ‘ಆಕೆ ಸ್ವಲ್ಪ ಜೋರು’, ‘ಅವನು ಸಂಕೋಚದವನು, ನಾಯಕತ್ವ ಬಾರದು’, ‘ಆಕೆ ಆರು ತಿಂಗಳು ರಜೆಯಲ್ಲಿದ್ದಳಲ್ಲ’ ಎಂಬ ಮಾತುಗಳು ಬರುತ್ತವೆ. ಜೋರು ಎಂದವರನ್ನು, ಅದೇ ಧ್ವನಿಯ ಗಂಡಸಿಗೆ ಯಾವ ಪದ ಬಳಸುತ್ತೀರಿ ಎಂದು ಕೇಳು. ರಜೆಯಲ್ಲಿದ್ದವಳನ್ನು ಅವಳು ದುಡಿದ ತಿಂಗಳುಗಳ ಮೇಲೆ ಮಾತ್ರ ಅಳೆಯಬೇಕೆಂದು ಹಟ ಹಿಡಿ. ಇದಕ್ಕಾಗಿ ಮೇಲಿನವರ ಅಸಮಾಧಾನ ಕಟ್ಟಿಕೊಳ್ಳಬೇಕಾಗಬಹುದು, ಕಟ್ಟಿಕೋ. ಬರಿಗೈಯಲ್ಲಿ ಮಾತ್ರ ಹೋಗಬೇಡ. ಪ್ರತಿಯೊಬ್ಬರೂ ವರ್ಷವಿಡೀ ಮಾಡಿದ ಕೆಲಸವನ್ನು ಇಂದಿನಿಂದಲೇ ಒಂದೊಂದು ಹಾಳೆಯಲ್ಲಿ ಬರೆಯುತ್ತಾ ಬಾ, ಬರೆದದ್ದನ್ನು ಅವರಿಗೂ ತೋರಿಸಿ ಬಿಟ್ಟುಹೋದದ್ದನ್ನು ಸೇರಿಸಿಕೋ.

ಇಂತು,
ನಿನ್ನ ಸೋದರತ್ತೆ